‘ಗಾರ’ಕ್ಕೆ ಎರಡು ಮನೆ, ‘ಇಗ’ಕ್ಕೆ ಒಂದೇ ಮನೆ: ಪದಬಂಧದಲ್ಲಿ ಪ್ರತ್ಯಯದ ಲೆಕ್ಕ

ತುಂಗೆದಂಡೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವಕ್ಕೆ ನಮ್ಮೂರ ವಾಚನಾಲಯದಲ್ಲಿ ಪದಬಂಧ ಬಿಡಿಸುವ ಸ್ಪರ್ಧೆ ಇದೆ. 11×11 ಮನೆಗಳ ಚೌಕ, 40 ನಿಮಿಷ, ನಿಘಂಟು ನೋಡುವ ಹಾಗಿಲ್ಲ. ಅಭ್ಯಾಸಕ್ಕೆ ಬರುವವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಸಿಕ್ಕಿಬೀಳ್ತಾರೆ. ಸುಳಿವಿನ ಅರ್ಥ ತಿಳಿಯುತ್ತೆ, ಪದದ ಮೊದಲರ್ಧ ಹೊಳೆಯುತ್ತೆ, ಕೊನೆ ಮಾತ್ರ ಕೂರೋದಿಲ್ಲ. ‘ಹಣ ಉಳ್ಳವನು (4)’ ಅಂದರೆ ಹಣವಂತನೋ ಹಣಗಾರನೋ? ಎರಡಕ್ಕೂ ನಾಲ್ಕೇ ಮನೆ. ಪ್ರತ್ಯಯಗಳನ್ನು, ಅಂದರೆ ಪದದ ಕೊನೆಗೆ ಅಂಟುವ ವಂತ, ಗಾರದಂಥ ಬಾಲಗಳನ್ನು, ಒಂದು ಕ್ರಮದಲ್ಲಿ ಕಲಿತರೆ ಈ ತೊಡಕು ಬಿಡುತ್ತಾ? ಪ್ರತ್ಯಯ ಯಾವ ಭಾಷೆಯಿಂದ ಬಂತು ಅನ್ನೋದು ಆಟಕ್ಕೆ ನಿಜಕ್ಕೂ ಉಪಯೋಗಕ್ಕೆ ಬರುತ್ತಾ, ಅಥವಾ ಅದು ಬರೀ ವ್ಯಾಕರಣದ ಪಾಠವಾ? ತಿಳಿದವರು ಬಿಡಿಸಿ ಹೇಳಿ.

ಮನೆಲೆಕ್ಕ (ಶಿವಮೊಗ್ಗ)

ಖಂಡಿತ ಬರುತ್ತೆ. ಆದರೆ ಮೊದಲು ಕಲಿಸಬೇಕಾದ್ದು ಮೂಲ ಅಲ್ಲ, ಮನೆಗಳ ಲೆಕ್ಕ. ನಮ್ಮ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಅದೇ ಮನೆಯೊಳಗೆ. ‘ವಂತ’ ಅಂದರೆ ವಂ, ತ, ಎರಡು ಮನೆ. ‘ಗಿತ್ತಿ’ ಅಂದರೆ ಗಿ, ತ್ತಿ, ಅದೂ ಎರಡೇ.

ಈಗ ಪ್ರತ್ಯಯ ಸೇರಿದಾಗ ಪದ ಎಷ್ಟು ಉದ್ದವಾಗುತ್ತೆ ನೋಡಿ.

ವ್ಯಂಜನದಿಂದ ಶುರುವಾಗುವ ಪ್ರತ್ಯಯ ತನ್ನ ಪೂರ್ತಿ ಜಾಗ ಕೇಳುತ್ತೆ. ಸಾಲ (2), ಸಾಲಗಾರ (4). ಗುಣ (2), ಗುಣವಂತ (4). ಪಾಲು (2), ಪಾಲುದಾರ (4). ಜಾಣ (2), ಜಾಣತನ (4).

ಸ್ವರದಿಂದ ಶುರುವಾಗುವ ಪ್ರತ್ಯಯ ಹಿಂದಿನ ಅಕ್ಷರದೊಳಗೆ ಇಳಿದುಬಿಡುತ್ತೆ, ಲೋಪಸಂಧಿ. ಹಾಗಾಗಿ ಒಂದು ಮನೆ ಉಳಿಯುತ್ತೆ. ಗಾಣ (2), ಗಾಣಿಗ (3). ಲೆಕ್ಕ (2), ಲೆಕ್ಕಿಗ (3). ಮಲೆನಾಡು (4), ಮಲೆನಾಡಿಗ (5). ಚೆಲುವ (3), ಚೆಲುವಿಕೆ (4).

ಇನ್ನೊಂದು ಜಾತಿ ಇದೆ, ಮನೆಯನ್ನೇ ಕೂಡಿಸದ್ದು. ಜಾಣ (2), ಜಾಣ್ಮೆ (2). ತಾಳು (2), ತಾಳ್ಮೆ (2). ಇಲ್ಲಿ ಮೂಲಪದದ ಕೊನೆಯ ಸ್ವರ ಬಿದ್ದು ‘ಮೆ’ ಅದಕ್ಕೇ ಒತ್ತಾಗಿ ಅಂಟಿಕೊಳ್ಳುತ್ತೆ. ಓಡು (2), ಓಟ (2) ಕೂಡ ಇದೇ ಲೆಕ್ಕ: ‘ಡು’ ಹೋಗಿ ಅದರ ಜಾಗಕ್ಕೆ ‘ಟ’ ಬಂತು.

ಬಿಡಿಸುವಾಗ ಹೀಗೆ ಮಾಡಿ. ಸುಳಿವಿನಲ್ಲಿ ಮೂಲಪದ ಯಾವುದು ಅಂತ ಹಿಡಿಯಿರಿ, ಅದರ ಮನೆ ಎಣಿಸಿ, ಕೊಟ್ಟಿರುವ ಸಂಖ್ಯೆಯಿಂದ ಕಳೆಯಿರಿ. ಉಳಿದದ್ದು 2 ಆದರೆ ಗಾರ, ವಂತ, ದಾರ, ತನ ಇವುಗಳಲ್ಲಿ ಒಂದು. 1 ಆದರೆ ಇಗ, ಇಕೆ, ತ, ವು. ಸೊನ್ನೆ ಆದರೆ ಮೆ ಅಥವಾ ಟ. ‘ಜಾಣನ ಗುಣ (2)’ ಅಂತಿದ್ದರೆ ಜಾಣತನ ಬರೆಯಲು ಹೋಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಎಲ್ಲಿ ತಪ್ಪಾಗುತ್ತೆ ಅಂದರೆ, ‘ಬಡವ’ ಮೂರು ಮನೆ, ತನ ಎರಡು, ಒಟ್ಟು ಐದು ಅಂತ ಲೆಕ್ಕ ಹಾಕಿಬಿಡ್ತಾರೆ. ಬಡತನ ನಾಲ್ಕೇ. ಗೆಳೆಯ ಮತ್ತು ಗೆಳೆತನಕ್ಕೂ ಹಾಗೇ. ಆ ‘ವ’, ‘ಯ’ ಗಂಡಸನ್ನು ತೋರಿಸುವ ಬಾಲ. ತನ ಬಂದ ಕೂಡಲೇ ಅದು ಕಳಚಿಹೋಗುತ್ತೆ.

ಶಬ್ದಬೇರು (ಕೊಪ್ಪ)

ಮನೆಲೆಕ್ಕ ಅವರು ಉದ್ದ ಹೇಳಿದರು. ಉದ್ದ ಒಂದೇ ಆದಾಗ, ಅಂದರೆ ಗಾರ, ಕಾರ, ದಾರ, ಕೋರ, ವಂತ ಎಲ್ಲವೂ ಎರಡೇ ಮನೆ ಆದಾಗ, ಮೂಲ ಕೈಹಿಡಿಯುತ್ತೆ.

‘ಗಾರ’ ಸಂಸ್ಕೃತದ ‘ಕಾರ’. ಮಾಡುವವನು ಅಂತ ಅರ್ಥ. ಮಳೆ + ಕಾಲ ಮಳೆಗಾಲ ಆಗುವ ಹಾಗೆ ಬಳೆ + ಕಾರ ಬಳೆಗಾರ ಆಯಿತು. ಕನ್ನಡ ಪದಕ್ಕೆ ಸೇರಿದಾಗ ಹೆಚ್ಚಾಗಿ ಗ: ಮಾತುಗಾರ, ಹಾಡುಗಾರ, ಬೇಟೆಗಾರ, ಆಟಗಾರ. ಸಂಸ್ಕೃತ ಪದಕ್ಕೆ ಸೇರಿದಾಗ ಹೆಚ್ಚಾಗಿ ಕ ಉಳಿಯುತ್ತೆ: ನಾಟಕಕಾರ, ಗ್ರಂಥಕಾರ, ಶಿಲ್ಪಕಾರ. ಚಿತ್ರಕಾರ ಮತ್ತು ಚಿತ್ರಗಾರ ಎರಡೂ ಬಳಕೆಯಲ್ಲಿವೆ, ಅಲ್ಲಿ ಅಡ್ಡ ಬರುವ ಪದವೇ ತೀರ್ಮಾನ ಹೇಳಬೇಕು. ಕನ್ನಡ ಪದಕ್ಕೆ ಸೇರಿಯೂ ಕ ಉಳಿಸಿಕೊಂಡವು ಬೆರಳೆಣಿಕೆಯಷ್ಟು: ನೇಕಾರ, ಓಲೆಕಾರ, ಕೋಲುಕಾರ. ಇವನ್ನು ಬಾಯಿಪಾಠ ಮಾಡಿಸಿ. ಕುಂಬಾರದಲ್ಲಿ ‘ಕಾರ’ ಇದೆ ಅಂದರೆ ಮಕ್ಕಳಿಗೆ ಆಶ್ಚರ್ಯ. ಕುಂಭಕಾರ ಸವೆದು ಕುಂಬಾರ ಆಗುವಾಗ ಕ ಮಾಯವಾಯಿತು, ಆ ಮಾತ್ರ ಉಳಿಯಿತು.

‘ದಾರ’ ಪಾರಸಿಯದು, ಹಿಡಿದವನು ಅಥವಾ ಹೊಂದಿದವನು ಅಂತ. ಆಡಳಿತ, ಕಂದಾಯ, ಸೈನ್ಯ, ವ್ಯಾಪಾರದ ದಾರಿಯಲ್ಲಿ ಕನ್ನಡಕ್ಕೆ ಬಂತು: ತಹಸೀಲ್ದಾರ, ಜಮೀನ್ದಾರ, ಹವಾಲ್ದಾರ. ನಮ್ಮ ಕಡೆ ಬಿದನೂರು 1763ರಲ್ಲಿ ಹೈದರಾಲಿಯ ಕೈಗೆ ಹೋದ ಮೇಲೆ ಊರಿಗೆ ಹೈದರ್‌ನಗರ ಅನ್ನುವ ಹೆಸರೇ ಬಂತು, ಅದೇ ಈಗಿನ ನಗರ. ಆ ಕಾಲದ ಕಚೇರಿ ಮಾತು ಎಷ್ಟೋ ಈಗಲೂ ನಮ್ಮ ಪಹಣಿ ದಫ್ತರಗಳಲ್ಲಿದೆ. ಹಾಗಾಗಿ ಸುಳಿವು ಒಪ್ಪಂದ, ಹಣ ಹೂಡಿಕೆ, ಹಕ್ಕು, ಹುದ್ದೆ ಕಡೆ ತಿರುಗಿದ್ದರೆ ‘ದಾರ’ವನ್ನೇ ಮೊದಲು ಇಟ್ಟುನೋಡಿ: ಗುತ್ತಿಗೆದಾರ, ಬಾಡಿಗೆದಾರ, ಚಂದಾದಾರ, ಠೇವಣಿದಾರ, ಹೂಡಿಕೆದಾರ. ಕಸುಬು, ಕೈಕೆಲಸ, ಸ್ವಭಾವ ಆದರೆ ಗಾರ.

‘ಕೋರ’ ಸಹ ಪಾರಸಿ. ತಿನ್ನುವವನು ಅಂತ ಮೂಲಾರ್ಥ. ಲಂಚಕೋರ, ದಗಾಕೋರ, ಚಾಡಿಕೋರ. ಒಳ್ಳೆಯ ಅರ್ಥದಲ್ಲಿ ಇದು ಬರುವುದೇ ಇಲ್ಲ ಅನ್ನಬಹುದು. ಸುಳಿವಿನಲ್ಲಿ ಬೈಗುಳದ ಛಾಯೆ ಇದ್ದರೆ ಕೋರ.

‘ವಂತ’ ಸಂಸ್ಕೃತದ್ದು, ಉಳ್ಳವನು. ತುಂಗೆದಂಡೆಯವರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ: ‘ಹಣ ಉಳ್ಳವನು’ ಅಂದರೆ ಹಣವಂತ. ಹಣಗಾರ ಅನ್ನುವ ಪದ ಇದೆ, ಆದರೆ ‘ಉಳ್ಳವನು’ ಅಂತ ಸುಳಿವು ಬರೆದ ಮೇಲೆ ರಚಿಸಿದವರು ವಂತವನ್ನೇ ನೆನೆದಿರುತ್ತಾರೆ. ಸುಳಿವಿನ ಕೊನೆಯ ಪದವನ್ನು ಓದಿ: ಮಾಡುವವನು, ಉಳ್ಳವನು, ಹಿಡಿದವನು, ಊರಿನವನು. ಅದು ಪ್ರತ್ಯಯದ ಅರ್ಥವನ್ನೇ ಬಿಡಿಸಿ ಹೇಳುತ್ತಿರುತ್ತೆ.

ತುಂಗೆದಂಡೆ

ಮೇಷ್ಟ್ರೇ, ಇದು ಬಹಳ ಉಪಕಾರ. ಹೆಂಗಸರಿಗೆ ಹೇಳುವಾಗ ಯಾವ ಬಾಲ ಯಾವುದಕ್ಕೆ?

ಶಬ್ದಬೇರು

ಜೋಡಿಯಾಗಿ ಕಲಿಸಿ. ಇಗ ಇದ್ದಲ್ಲಿ ಗಿತ್ತಿ: ಹೂವಾಡಿಗ (4), ಹೂವಾಡಗಿತ್ತಿ (5), ಮದುವಣಿಗ (5), ಮದುವಣಗಿತ್ತಿ (6). ‘ಡಿ’ ಹೋಗಿ ‘ಡ’, ‘ಣಿ’ ಹೋಗಿ ‘ಣ’ ಆಗುವುದನ್ನು ನೋಡಿಕೊಳ್ಳಿ, ಅಡ್ಡಪದ ಕೆಡುವುದು ಅಲ್ಲೇ. ಗಾರ ಇದ್ದಲ್ಲಿ ಗಾರ್ತಿ ಅಥವಾ ಗಾತಿ: ಬಳೆಗಾರ್ತಿ, ಮೋಸಗಾತಿ. ವಂತಕ್ಕೆ ಕನ್ನಡದ ಎ ಸೇರಿಸಿದರೆ ಗುಣವಂತೆ, ಸಂಸ್ಕೃತದ ರೂಪವನ್ನೇ ಇಟ್ಟರೆ ಗುಣವತಿ. ಎರಡೂ 4, ಮೂರನೇ ಮನೆ ವಂ ಅಥವಾ ವ, ನಾಲ್ಕನೇ ಮನೆ ತೆ ಅಥವಾ ತಿ. ನಮ್ಮ ಹೊಳೆ, ಊರುಗಳ ಹೆಸರಿನ ‘ವತಿ’ ಇದೇ: ಶರಾವತಿ, ಭದ್ರಾವತಿ.

ವತಿ ಮತ್ತು ಮತಿ ಗೊಂದಲಕ್ಕೂ ಒಂದು ಸೂತ್ರ ಇದೆ. ಮೂಲಪದ ಅ ಅಥವಾ ಆ ಎಂದು ಮುಗಿದರೆ ವ: ಗುಣವತಿ, ಭಗವತಿ. ಇ, ಈ, ಉ, ಓ ಎಂದು ಮುಗಿದರೆ ಮ: ಶ್ರೀಮತಿ, ಧೀಮಂತ, ಗೋಮತಿ. ಕನ್ನಡದವರು ಈ ಕಟ್ಟು ಮುರಿದು ಬುದ್ಧಿವಂತ, ಸಿರಿವಂತ ಅಂದಿದ್ದೇವೆ. ಅದು ಕನ್ನಡದ ಬಳಕೆ, ತಪ್ಪಲ್ಲ. ಹಾಗಾಗಿ ಪದ ಪೂರ್ತಿ ಸಂಸ್ಕೃತದ ಗತ್ತಿನಲ್ಲಿದ್ದರೆ ಮಾತ್ರ ಈ ಸೂತ್ರ ನಂಬಿ.

ಅಡಕೆತೋಟ (ಸಾಗರ)

ಗಾರ, ದಾರದ ವ್ಯತ್ಯಾಸಕ್ಕೆ ನಮ್ಮ ತೋಟದಲ್ಲೇ ಜೋಡಿ ಉಂಟು ಮಾರಾಯ್ರೆ. ಮರ ಹತ್ತಿ ಕೊನೆ (ಅಡಕೆ ಗೊನೆ) ಇಳಿಸುವವ ಕೊನೆಗಾರ. ಫಸಲನ್ನು ಮರದ ಮೇಲೇ ಗುತ್ತಿಗೆ ಹಿಡಿಯುವವ ಚೇಣಿದಾರ. ಕೆಲಸ ಮಾಡುವವ ಗಾರ, ಒಪ್ಪಂದ ಹಿಡಿದವ ದಾರ. ಮಕ್ಕಳಿಗೆ ಹೀಗೆ ಹೇಳಿದರೆ ಮರೆಯೋದಿಲ್ಲ.

ಆದರೆ ಬಾಲದ ಹಾಗೆ ಕಂಡು ಬಾಲ ಅಲ್ಲದ್ದೂ ಇದೆ, ಅದನ್ನೂ ಹೇಳಬೇಕು. ಬಂಗಾರದಲ್ಲಿ, ಸಿಂಗಾರದಲ್ಲಿ ‘ಗಾರ’ ಪ್ರತ್ಯಯ ಅಲ್ಲ. ಸಿಂಗಾರ ಅಂದರೆ ಶೃಂಗಾರದ ತದ್ಭವ. (ಅಡಕೆಯ ಹೂಗೊಂಚಲು ಸಿಂಗಾರವನ್ನೂ ಇದೇ ಸುಳಿವಿಗೆ ಹೊಂದಿಸಬಹುದು, 3 ಮನೆ.) ಮುಂಗಾರು, ಹಿಂಗಾರಿನಲ್ಲಿ ಇರೋದು ಕಾರ್, ಮಳೆಗಾಲದ ಕಾರು. ಮುಂ ಸೇರಿ ಕ ಹೋಗಿ ಗ ಆಗಿದೆ ಅಷ್ಟೇ. ಹಾಗಾಗಿ ಕೊನೆ ಮನೆಯಲ್ಲಿ ‘ರು’ ಬರುತ್ತೆ, ‘ರ’ ಅಲ್ಲ.

ಮತ್ತೆ ಅಡಕೆ. ಎಷ್ಟೋ ಜನ ಅಡಿಕೆಯನ್ನು ಹೊದಿಕೆ, ಕಲಿಕೆ ಸಾಲಿಗೆ ಸೇರಿಸ್ತಾರೆ. ಅದು ‘ಇಕೆ’ ಪ್ರತ್ಯಯ ಅಲ್ಲವೇ ಅಲ್ಲ. ತಮಿಳಿನಲ್ಲಿ ಅಡೈಕ್ಕಾಯ್, ಮಲಯಾಳದಲ್ಲಿ ಅಡಕ್ಕ. ಕೊನೆಯಲ್ಲಿರೋದು ಕಾಯಿ. ಪದಬಂಧ ರಚಿಸುವವರು ಅಡಕೆ ಅಂತ ಇಡ್ತಾರೋ ಅಡಿಕೆ ಅಂತ ಇಡ್ತಾರೋ ಅನ್ನೋದನ್ನು ಮೊದಲೇ ತಿಳಿಸಬೇಕು, ಎರಡನೇ ಮನೆಯಲ್ಲಿ ‘ಡ’ ಮತ್ತು ‘ಡಿ’ಗೆ ಜಗಳ ಆಗುತ್ತೆ. ಮಲೆನಾಡಿನ ಮಾತಿನಲ್ಲಿ ಅಡಕೆಯೇ.

ಮನೆಲೆಕ್ಕ

ಅಡಕೆತೋಟ ಅವರು ‘ಇಕೆ’ ಎತ್ತಿದ್ದು ಒಳ್ಳೆಯದಾಯಿತು. ಪದಬಂಧದಲ್ಲಿ ಅತಿ ಹೆಚ್ಚು ಬರುವ ಬಾಲ ಇದೇ, ಅತಿ ಹೆಚ್ಚು ಕಾಡುವುದೂ ಇದೇ. ಇಕೆ, ಕೆ, ಇಗೆ, ಗೆ ಯಾವಾಗ ಯಾವುದು ಅನ್ನುವುದಕ್ಕೆ ಪೂರ್ತಿ ನಿಯಮ ಸಿಗುವುದಿಲ್ಲ, ಆದರೂ ಒಂದು ಗಟ್ಟಿ ಸುಳಿವು ಇದೆ: ಕ್ರಿಯಾಪದ ‘ಸು’ ಎಂದು ಮುಗಿದು ಹೆಸರಾಗುವಾಗ ‘ಸು’ ಬಿದ್ದು ‘ಕೆ’ ಬರುವುದು ರೂಢಿ. ಬಯಸು, ಬಯಕೆ. ಬಳಸು, ಬಳಕೆ. ಹರಸು, ಹರಕೆ. ಗಳಿಸು, ಗಳಿಕೆ. ಎಣಿಸು, ಎಣಿಕೆ. ಎಲ್ಲದರಲ್ಲೂ ಮನೆ ಅಷ್ಟಕ್ಕಷ್ಟೇ, ಕೊನೆಯ ಮನೆ ಮಾತ್ರ ಬದಲಾಗುತ್ತೆ. ಹಾಸು ಮಾತ್ರ ಇದಕ್ಕೆ ಒಗ್ಗದೆ ಹಾಸಿಗೆ ಆಗುತ್ತೆ, ಅಲ್ಲಿ ‘ಸು’ ಧಾತುವಿನದೇ ಭಾಗ, ಬಾಲ ಅಲ್ಲ.

ಉಳಿದವನ್ನು ಗುಂಪಾಗಿ ನೆನಪಿಡಿ. ನಂಬಿಕೆ, ನಾಚಿಕೆ, ಹೆದರಿಕೆ, ಹೇಳಿಕೆ, ಬೇಡಿಕೆ ಕ ಗುಂಪು. ಒಪ್ಪಿಗೆ, ಏಳಿಗೆ, ನಡಿಗೆ ಗ ಗುಂಪು. ಉಡುಗೆ, ತೊಡುಗೆ, ಕೊಡುಗೆ, ಅಡುಗೆ ಇವು ‘ಉಗೆ’ಯ ಗುಂಪು. ಮೆಚ್ಚು ಮಾತ್ರ ಮೆಚ್ಚಿಕೆ, ಮೆಚ್ಚುಗೆ ಎರಡೂ ಕಡೆ ಕೂರುತ್ತೆ, ಹಾಗಾಗಿ ಅದರ ಎರಡನೇ, ಮೂರನೇ ಮನೆಗಳನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ.

ಶಬ್ದಬೇರು

ಇದಕ್ಕೆ ಮೂಲದ ಮಾತು ಸೇರಿಸುತ್ತೇನೆ. ‘ಇಕೆ/ಇಗೆ’ ಅನ್ನುವ ಬಾಲ ಕನ್ನಡಕ್ಕೆ ಮೂರು ದಾರಿಯಲ್ಲಿ ಬಂದಿದೆ. ಒಂದು ಕನ್ನಡದ್ದೇ, ಈಗ ಹೇಳಿದ ನಂಬಿಕೆ, ಒಪ್ಪಿಗೆ. ಎರಡನೆಯದು ಸಂಸ್ಕೃತದ ‘ಇಕಾ’. ಸಂಸ್ಕೃತದಲ್ಲಿ ಆ ಎಂದು ಮುಗಿಯುವ ಹೆಣ್ಣುಲಿಂಗದ ಪದ ಕನ್ನಡಕ್ಕೆ ಬಂದಾಗ ಎ ಆಗುತ್ತೆ. ಶಾಲಾ ಶಾಲೆಯಾದ ಹಾಗೆ ಪತ್ರಿಕಾ ಪತ್ರಿಕೆ, ಮೃತ್ತಿಕಾ ಮೃತ್ತಿಕೆ. ಮೂರನೆಯದು ಅದೇ ಇಕಾ ತದ್ಭವವಾಗಿ ಸವೆದದ್ದು: ಮಲ್ಲಿಕಾ ಮಲ್ಲಿಗೆ, ದೀಪಿಕಾ ದೀವಿಗೆ.

ಇದರಿಂದ ಆಟಕ್ಕೆ ಏನು ಲಾಭ ಅಂದರೆ, ಪದದಲ್ಲಿ ಮಹಾಪ್ರಾಣ, ಋ, ಷ, ಶ ಇದ್ದರೆ ಬಾಲ ‘ಇಕೆ’ ಎಂದೇ ಕೊನೆಯ ಮನೆಗೆ ‘ಕೆ’ ಬರೆಯಬಹುದು. ವಸ್ತುವಿನ ಹೆಸರು, ಹೂವಿನ ಹೆಸರು, ನುಡಿ ಸವೆದ ಹಾಗಿದ್ದರೆ ‘ಗೆ’ಯನ್ನು ಮೊದಲು ನೋಡಿ.

ಸಂಸ್ಕೃತದ ಇನ್ನೊಂದು ಬಾಲ ‘ಇಕ’, ಇದು ಎರಡು ತುದಿಗೂ ಕೆಲಸ ಕೊಡುತ್ತೆ. ‘ಅದಕ್ಕೆ ಸಂಬಂಧಿಸಿದ’ ಅನ್ನುವ ಅರ್ಥದಲ್ಲಿ ಬಂದರೆ ಮೊದಲ ಅಕ್ಷರದ ಸ್ವರ ಹಿಗ್ಗುತ್ತೆ. ಅ ಇದ್ದದ್ದು ಆ, ಇ ಈ ಏ ಇದ್ದದ್ದು ಐ, ಉ ಊ ಓ ಇದ್ದದ್ದು ಔ. ಸಮಾಜ ಸಾಮಾಜಿಕ (4), ಇತಿಹಾಸ ಐತಿಹಾಸಿಕ (5), ವೇದ ವೈದಿಕ (3), ಲೋಕ ಲೌಕಿಕ (3), ಭೂಗೋಳ ಭೌಗೋಳಿಕ (4). ಸುಳಿವಿನಲ್ಲಿ ‘ಸಂಬಂಧಿಸಿದ’ ಕಂಡ ಕೂಡಲೇ ಮೊದಲ ಮನೆ, ಕೊನೆಯ ಎರಡು ಮನೆ ತುಂಬಬಹುದು, ನಡುವೆ ಏನೂ ಹೊಳೆಯದಿದ್ದರೂ.

ಆದರೆ ‘ಉಳ್ಳವನು’ ಅನ್ನುವ ಅರ್ಥದ ಇಕ ಸ್ವರವನ್ನು ಹಿಗ್ಗಿಸುವುದಿಲ್ಲ: ಧನಿಕ, ರಸಿಕ, ಶ್ರಮಿಕ. ಧಾನಿಕ, ಶ್ರಾಮಿಕ ಅಂತ ಬರೆದು ಅಡ್ಡಪದ ಕೆಡಿಸಿಕೊಳ್ಳುವುದನ್ನು ಬಹಳ ಕಡೆ ನೋಡಬಹುದು. ಧರ್ಮಕ್ಕೆ ಸಂಬಂಧಿಸಿದ್ದು ಧಾರ್ಮಿಕ, ಧನ ಉಳ್ಳವನು ಧನಿಕ. ಅರ್ಥವೇ ಕೀಲಿ.

ಒತ್ತಕ್ಷರ (ಹೊಸನಗರ)

‘ನೆ’ ಮತ್ತು ‘ಣೆ’ ವಿಷಯ ಯಾರೂ ಎತ್ತಿಲ್ಲ. ಸ್ಪರ್ಧೆಯಲ್ಲಿ ಅಂಕ ಕಳೆಯುವುದೇ ಅಲ್ಲಿ. ಪ್ರಾರ್ಥನೆಗೆ ನ, ಪ್ರೇರಣೆಗೆ ಣ. ರಾಮಾಯಣಕ್ಕೆ ಣ, ರಸಾಯನಕ್ಕೆ ನ. ಒಂದೇ ಪ್ರತ್ಯಯ, ಎರಡು ವೇಷ.

ನಿಯಮ ಚಿಕ್ಕದು. ಸಂಸ್ಕೃತ ಪದದಲ್ಲಿ ಋ, ರ, ಷ ಇವುಗಳಲ್ಲಿ ಒಂದು ಬಂದ ಮೇಲೆ ಬರುವ ನ, ಣ ಆಗುತ್ತೆ. ನಡುವೆ ಸ್ವರ, ಕವರ್ಗ, ಪವರ್ಗ, ಯ, ವ, ಹ ಇದ್ದರೆ ಅಡ್ಡಿಯಿಲ್ಲ. ಚವರ್ಗ, ಟವರ್ಗ, ತವರ್ಗ, ಶ, ಸ, ಲ ಬಂದರೆ ದಾರಿ ಮುಚ್ಚಿತು, ನ ಹಾಗೇ ಉಳಿಯುತ್ತೆ.

ಹಾಕಿ ನೋಡಿ. ರಾಮಾಯಣ: ರ ಆದ ಮೇಲೆ ಮ, ಯ, ಎರಡೂ ದಾರಿ ಬಿಡುವವು, ಆದ್ದರಿಂದ ಣ. ರಸಾಯನ: ನಡುವೆ ಸ, ಆದ್ದರಿಂದ ನ. ಪ್ರಾರ್ಥನೆ: ಥ ತವರ್ಗ, ನ. ಅರ್ಚನೆ, ರಚನೆ: ಚ, ನ. ದರ್ಶನ: ಶ, ನ. ತರ್ಪಣ, ಗ್ರಹಣ, ಶ್ರವಣ: ಪ, ಹ, ವ, ಣ. ಪ್ರಮಾಣಕ್ಕೆ ಣ, ಅನುಮಾನಕ್ಕೆ ನ, ಏಕೆಂದರೆ ಅನುಮಾನದಲ್ಲಿ ರ ಇಲ್ಲ. ಗೃಹಿಣಿಗೆ ಣಿ, ವಾಹಿನಿಗೆ ನಿ. ಎಲ್ಲಕ್ಕಿಂತ ಚೆಂದದ್ದು ಉತ್ತರಾಯಣ ಮತ್ತು ದಕ್ಷಿಣಾಯನ. ದಕ್ಷಿಣದಲ್ಲಿ ಷ ಇದೆಯಲ್ಲ ಅಂತ ಕೇಳಬಹುದು. ಷ ತನ್ನ ಹತ್ತಿರದ ನ ಅನ್ನು ಆಗಲೇ ಣ ಮಾಡಿ ಮುಗಿಸಿದೆ, ಆ ಣ ಟವರ್ಗದ್ದು, ಮುಂದಿನ ನ ಅನ್ನು ಮುಟ್ಟಲು ಬಿಡುವುದಿಲ್ಲ.

ಇದು ನಡೆಯದ ಕಡೆ ಎರಡು. ಒಂದು, ಎರಡು ಪದ ಸೇರಿದ ಸಮಾಸದ ಗಡಿ: ಹರಿನಾಮ, ಶ್ರೀನಿವಾಸ ಹಾಗೇ ಉಳಿಯುತ್ತವೆ. ಇನ್ನೊಂದು, ಸಂಸ್ಕೃತ ಅಲ್ಲದ ಪದ: ಬದಲಾವಣೆ, ಚಲಾವಣೆಯಲ್ಲಿ ರ, ಷ ಯಾವುದೂ ಇಲ್ಲದೆ ಣೆ ಇದೆ. ಮೂಲ ತಿಳಿದಿರಬೇಕು ಅನ್ನುವುದು ಇದಕ್ಕೇ.

ತುಂಗೆದಂಡೆ

ಒತ್ತಕ್ಷರ ಅವರೇ, ಇದನ್ನು ಹಲಗೆ ಮೇಲೆ ಬರೆದು ತೂಗುಹಾಕ್ತೇವೆ. ಕನ್ನಡದ್ದೇ ಆದ ಕ್ರಿಯಾಪದಗಳಿಗೆ ಇಷ್ಟು ಖಚಿತವಾದದ್ದು ಏನಾದರೂ ಇದೆಯಾ? ಓಟ, ಕುಸಿತ, ಗೆಲುವು, ಬರಹ ಇವೆಲ್ಲ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ.

ಮನೆಲೆಕ್ಕ

ಇದೆ, ನೂರಕ್ಕೆ ನೂರು ಅಲ್ಲದಿದ್ದರೂ ಕೈಗೆ ಹತ್ತುವಷ್ಟು ಇದೆ.

‘ಡು’ ಎಂದು ಮುಗಿಯುವ ಧಾತು. ಮೊದಲ ಸ್ವರ ದೀರ್ಘ ಇದ್ದರೆ ಟ: ಓಡು ಓಟ, ನೋಡು ನೋಟ, ಕೂಡು ಕೂಟ, ಕಾಡು ಕಾಟ, ಆಡು ಆಟ. ‘ಆಡು’ ಸೇರಿದ ಉದ್ದ ಪದಗಳೆಲ್ಲ ಇದರ ಹಿಂದೆಯೇ ಬರುತ್ತವೆ: ಹೋರಾಟ, ಪರದಾಟ, ಒಡನಾಟ, ಒದ್ದಾಟ, ತಿರುಗಾಟ. ಮೊದಲ ಸ್ವರ ಹ್ರಸ್ವ ಇದ್ದರೆ ಪ್ರತ್ಯಯವೇ ಬಾರದೆ ಸ್ವರ ಎಳೆದುಕೊಳ್ಳುತ್ತೆ: ಕೆಡು ಕೇಡು, ಪಡು ಪಾಡು, ಬಿಡು ಬೀಡು. ಇಲ್ಲವೇ ಗೆ ಬರುತ್ತೆ: ಉಡುಗೆ, ಕೊಡುಗೆ. ಹಾಡು, ಬೇಡು ಈ ಕಟ್ಟಿಗೆ ಸಿಗುವುದಿಲ್ಲ. ಹಾಡು ಹಾಡಾಗಿಯೇ ಹೆಸರು, ಬೇಡು ಬೇಡಿಕೆ.

ಇ, ಎ ಎಂದು ಮುಗಿಯುವ ಧಾತುವಿಗೆ ಮೊದಲು ‘ತ’ ಇಟ್ಟು ನೋಡಿ: ಕುಸಿ ಕುಸಿತ, ಇಳಿ ಇಳಿತ, ಕುಣಿ ಕುಣಿತ, ತುಳಿ ತುಳಿತ, ಸೆಳೆ ಸೆಳೆತ, ಕೊರೆ ಕೊರೆತ, ಮೊರೆ ಮೊರೆತ. ಮಳೆಗಾಲದ ಸುದ್ದಿಯಲ್ಲಿ ಅರ್ಧ ಪದಗಳು ಈ ಸಾಲಿನವೇ. ತ ಕೂರದಿದ್ದರೆ ‘ತೆ’: ಅಳೆ ಅಳತೆ, ನಡೆ ನಡತೆ. ಇಲ್ಲಿ ನಡುವಿನ ‘ಳೆ’ ‘ಳ’ ಆಗುವುದನ್ನು ಗಮನಿಸಿ. ಕೊರೆತ ಅಂದರೆ ದಂಡೆ ಸವೆಯುವುದು, ಕೊರತೆ ಅಂದರೆ ಸಾಲದೆ ಇರುವುದು. ಎರಡೂ ಮೂರೇ ಮನೆ, ಅಕ್ಷರ ಹೆಚ್ಚುಕಡಿಮೆ ಅವೇ, ಸುಳಿವನ್ನು ಎರಡು ಸಲ ಓದಬೇಕು.

ಗೆಲುವು, ಅರಿವು, ನಲಿವು, ಅಳಿವು, ಉಳಿವು ಇವೆಲ್ಲ ಮನಸ್ಸಿನ ಅಥವಾ ಬದುಕಿನ ಸ್ಥಿತಿ. ಕಣ್ಣಿಗೆ ಕಾಣುವ ಚಲನೆಗೆ ತ, ಒಳಗಿನ ಸ್ಥಿತಿಗೆ ವು ಅಂತ ಅಂದಾಜು ಇಟ್ಟುಕೊಂಡರೆ ಹತ್ತರಲ್ಲಿ ಏಳೆಂಟು ಸಲ ಸರಿಹೋಗುತ್ತೆ. ಬರಹದ ‘ಹ’ ಬಹಳ ಅಪರೂಪ. ಕಲಹ, ವಿರಹ ಸಂಸ್ಕೃತ, ತರಹ ಅರಬ್ಬಿಯಿಂದ ಬಂದದ್ದು, ಅವುಗಳಲ್ಲಿ ಪ್ರತ್ಯಯ ಹುಡುಕಬೇಡಿ.

ಮಳೆಬಿಲ್ಲು (ಶಿಕಾರಿಪುರ)

ಇಷ್ಟೆಲ್ಲವನ್ನೂ ಹಲಗೆ ಮೇಲೆ ಬರೆದರೆ ಮಕ್ಕಳು ಓದೋದಿಲ್ಲ. ಕಾರ್ಡಿನ ಆಟ ಮಾಡಿಸಿ, ಹೆಸರು ‘ಬೇರು ಬಾಲ’. ರಟ್ಟನ್ನು 6 ಸೆಂ.ಮೀ. × 4 ಸೆಂ.ಮೀ. ಕತ್ತರಿಸಿ. ಬೇರಿನ ಕಾರ್ಡು 60, ಬಾಲದ ಕಾರ್ಡು 36.

ಬಾಲಗಳು ಹೀಗೆ: ತನ 5, ಗಾರ 4, ಇಗ 4, ಇಕೆ 4, ವಂತ 3, ದಾರ 3, ತ 3, ಮೆ, ಟ, ತೆ, ತ್ವ, ಇಕ ತಲಾ 2. ಇಲ್ಲಿನ ‘ತೆ’ ಮಾನವತೆ, ಸಭ್ಯತೆಯ ಸಂಸ್ಕೃತದ ತೆ. ಬೇರಿನ ಕಾರ್ಡಿನ ಅಂಚಿಗೆ ಬಣ್ಣ ಹಚ್ಚಿ: ಕನ್ನಡಕ್ಕೆ ಹಸಿರು, ಸಂಸ್ಕೃತಕ್ಕೆ ಕೆಂಪು, ಪಾರಸಿ, ಅರಬ್ಬಿ, ಮರಾಠಿ ಕಡೆಯಿಂದ ಬಂದದ್ದಕ್ಕೆ ನೀಲಿ. 60ರಲ್ಲಿ ಹಸಿರು 32, ಕೆಂಪು 18, ನೀಲಿ 10 ಇದ್ದರೆ ಸರಿಯಾಗುತ್ತೆ. ಕೆಂಪು ಜಾಸ್ತಿ ಮಾಡಿದರೆ ತ್ವ, ತೆ, ಇಕ ಬೇಗ ಖಾಲಿಯಾಗಿ ಆಟ ನಿಲ್ಲುತ್ತೆ.

ನಾಲ್ಕು ಜನ. ಒಬ್ಬೊಬ್ಬರಿಗೆ ಬೇರು 5, ಬಾಲ 4. ಸರದಿ ಬಂದಾಗ 30 ಸೆಕೆಂಡಿನಲ್ಲಿ ಒಂದು ಜೋಡಿ ಇಟ್ಟು ಪದವನ್ನು ಗಟ್ಟಿಯಾಗಿ ಹೇಳಿ ಬರೆದು ತೋರಿಸಬೇಕು. ಬಂದ ಪದದಲ್ಲಿ ಎಷ್ಟು ಮನೆಯೋ ಅಷ್ಟು ಅಂಕ. ಎರಡು ಬಾಲ ಒಂದರ ಮೇಲೊಂದು ಕೂರಿಸಿದರೆ 3 ಹೆಚ್ಚು: ಹೊಣೆ + ಗಾರ + ಇಕೆ, ಹೊಣೆಗಾರಿಕೆ, 5 + 3. ಪಾಲು + ದಾರ + ಇಕೆ, ಪಾಲುದಾರಿಕೆ.

ತಪ್ಪಾಗುವ ಕಡೆ ಒಂದು ಮುಖ್ಯ. ಮಕ್ಕಳು ‘ದಡ್ಡತ್ವ’, ‘ಜಾಣತೆ’ ಅಂತ ಇಡ್ತಾರೆ. ತ್ವ ಮತ್ತು ಸಂಸ್ಕೃತದ ತೆ ಕೆಂಪು ಬೇರಿಗೆ ಮಾತ್ರ ಅನ್ನುವ ನಿಯಮ ಮೊದಲೇ ಹೇಳಿ. ತನ ಮಾತ್ರ ಎರಡೂ ಕಡೆ ಹೋಗುತ್ತೆ: ಜಾಣತನ, ಮೂರ್ಖತನ, ಶೂರತನ.

ಶಬ್ದಬೇರು

ಅಕ್ಕ, ಕಾರ್ಡಿನ ಲೆಕ್ಕ ಬಹಳ ಚೆನ್ನಾಗಿದೆ. ತನ ಎಲ್ಲದಕ್ಕೂ ಒಗ್ಗುವುದಕ್ಕೆ ಅದರ ಮೂಲವೂ ಕಾರಣ ಇರಬಹುದು. ಅದನ್ನು ಅಚ್ಚಗನ್ನಡ ಎನ್ನುವವರೂ ಇದ್ದಾರೆ, ಪ್ರಾಕೃತದ ‘ತ್ತಣ’ದಿಂದ ಬಂದದ್ದು ಎನ್ನುವವರೂ ಇದ್ದಾರೆ. ಹಸಿರು, ಕೆಂಪು ಯಾವ ಬಣ್ಣ ಹಚ್ಚಿದರೂ ಆಟ ಕೆಡುವುದಿಲ್ಲ.

ನೀಲಿ ಕಾರ್ಡಿಗೆ ಒಂದು ಸೇರ್ಪಡೆ. ಪೂರ್ತಿ ಪಾರಸಿ ಹಾದಿಯ ಪದಗಳಿಗೆ ಭಾವನಾಮ ಆಗುವಾಗ ಬರೀ ಇ ಬರುತ್ತೆ: ಜವಾಬ್ದಾರಿ, ಜಮೀನ್ದಾರಿ. ಬೇರು ಕನ್ನಡದ್ದಾದರೆ ಇಕೆ: ಪಾಲುದಾರಿಕೆ. ‘ಜವಾಬ್ದಾರಿಕೆ’ ಅಂತ ಯಾರಾದರೂ ಇಟ್ಟರೆ ಅಂಕ ಕೊಡಬೇಡಿ.

ಮಳೆಬಿಲ್ಲು

ಪದಗಳ ಅಂತ್ಯಾಕ್ಷರಿ ಆಡಿಸುವವರಿಗೂ ಒಂದು ಮಾತು. ಕನ್ನಡದಲ್ಲಿ ಳ, ಣ ಇಂದ ಪದ ಶುರುವಾಗುವುದಿಲ್ಲ. ಹಾಗಾಗಿ ಹುಟ್ಟುವಳಿ, ಬದಲಾವಣೆ, ಘೋಷಣೆ ಅಂದುಬಿಟ್ಟರೆ ಎದುರಿನವರು ಅಲ್ಲೇ ಸೋಲ್ತಾರೆ, ಆಟ ಎರಡು ನಿಮಿಷಕ್ಕೆ ಮುಗಿಯುತ್ತೆ. ಮೊದಲೇ ‘ಳಕ್ಕೆ ಲ, ಣಕ್ಕೆ ನ ತಗೊಳ್ಳಬಹುದು’ ಅಂತ ಕರಾರು ಮಾಡಿ. ಬಹುವಚನದ ‘ಗಳು’ ಪೂರ್ತಿ ನಿಷೇಧಿಸಿ.

ಒತ್ತಕ್ಷರ

ಊರಿನ ಹೆಸರು ಇಡುವವರಿಗೆ ಒಂದು ಎಚ್ಚರಿಕೆ. ತೀರ್ಥಹಳ್ಳಿಯಲ್ಲಿ ಹಳ್ಳಿ, ಮೇಗರವಳ್ಳಿಯಲ್ಲಿ ವಳ್ಳಿ. ಎರಡೂ ಹಳಗನ್ನಡದ ಪಳ್ಳಿಯೇ. ಪದದ ಮೊದಲಲ್ಲಿದ್ದ ಪ ಹ ಆಯಿತು, ಪದದ ನಡುವೆ ಸಿಕ್ಕ ಪ ವ ಆಯಿತು. ಕೊನೆಯ ಮನೆ ಎರಡರಲ್ಲೂ ‘ಳ್ಳಿ’, ಹಿಂದಿನ ಮನೆ ಬೇರೆ. ಇನ್ನು ರಿಪ್ಪನ್‌ಪೇಟೆ ಇಡುವುದಾದರೆ ‘ನ್’ಗೆ ಬೇರೆ ಮನೆ ಕೊಡ್ತೀರೋ ‘ನ್ಪೇ’ ಅಂತ ಒಂದೇ ಮನೆ ಮಾಡ್ತೀರೋ ಅಂತ ಸೂಚನೆಯಲ್ಲೇ ಬರೆಯಿರಿ. ಬರೆಯದಿದ್ದರೆ 4 ಅನ್ನುವವರೂ 5 ಅನ್ನುವವರೂ ಇಬ್ಬರೂ ಸರಿಯೇ. ಜವಾಬ್ದಾರಿ ಥರದ ಪದದಲ್ಲಿ ಒತ್ತು ಕೂತುಬಿಟ್ಟಿದೆ, ಅಲ್ಲಿ ತೊಂದರೆ ಇಲ್ಲ.

ತುಂಗೆದಂಡೆ

ಎಲ್ಲರ ಮಾತು ಸೇರಿಸಿ ಎಂಟು ಸುಳಿವು ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

1. ಮರ ಹತ್ತಿ ಅಡಕೆ ಗೊನೆ ಇಳಿಸುವವನು (4)
2. ಫಸಲನ್ನು ಮರದ ಮೇಲೇ ಗುತ್ತಿಗೆ ಹಿಡಿದವನು (4)
3. ಮಳೆಗಾಲದಲ್ಲಿ ಹೊಳೆದಂಡೆಗೋ ಗುಡ್ಡಕ್ಕೋ ಆಗುವ ಹಾನಿ (3)
4. ಯಕ್ಷಗಾನ ಮೇಳ ಊರೂರು ಸಂಚರಿಸುವುದು (4)
5. ಮುಂಗಾರು ಮುಗಿದ ಮೇಲಿನದು (3)
6. ಲಿಂಗನಮಕ್ಕಿಯಲ್ಲಿ ಕಟ್ಟೆ ಕಂಡ ಹೊಳೆ (4)
7. ‘ದೀಪಿಕಾ’ ಕನ್ನಡದ ಬಾಯಲ್ಲಿ (3)
8. ತಾಳಿಕೊಳ್ಳುವ ಗುಣ (2)

ಅಡಕೆತೋಟ

ಕೊನೆಗಾರ, ಚೇಣಿದಾರ, ಮೂರನೆಯದು ಬಿಟ್ಟೆ, ತಿರುಗಾಟ, ಹಿಂಗಾರು, ಶರಾವತಿ, ದೀವಿಗೆ, ತಾಳ್ಮೆ. ಒಂದು, ಎರಡು ಅಡ್ಡ ಬರುವುದಾದರೆ ಕೊನೆಯ ‘ರ’ದಲ್ಲಿ ಸೇರಿಸಿ, ಮೂರನೇ ಮನೆಯಲ್ಲಿ ಸೇರಿಸಿದರೆ ‘ಗಾ’, ‘ದಾ’ ಹೊಂದುವುದಿಲ್ಲ.

ಮನೆಲೆಕ್ಕ

ಮೂರನೆಯದನ್ನು ಅವರು ಬಿಟ್ಟದ್ದಕ್ಕೆ ಕಾರಣ ಇದೆ. ಕುಸಿತ, ಕೊರೆತ ಎರಡೂ ಮೂರು ಮನೆ, ಎರಡೂ ‘ತ’ದಲ್ಲಿ ಮುಗಿಯುತ್ತವೆ, ಸುಳಿವು ಎರಡಕ್ಕೂ ಬಾಗಿಲು ತೆರೆದಿದೆ. ಕೊನೆಯ ಮನೆಯಲ್ಲಿ ಅಡ್ಡಪದ ಕೊಟ್ಟರೆ ಏನೂ ಬಿಡಿಸಿದಂತಾಗುವುದಿಲ್ಲ. ಮೊದಲ ಅಥವಾ ಎರಡನೇ ಮನೆಯಲ್ಲಿ ಅಡ್ಡಪದ ಕೊಡಬೇಕು.

ತುಂಗೆದಂಡೆ

ಸರಿ, ಕುಸಿತ ಇಟ್ಟುಕೊಳ್ಳುತ್ತೇನೆ. ಸುಳಿವು ‘ಮಳೆಗಾಲದಲ್ಲಿ ಗುಡ್ಡಕ್ಕೆ ಆಗುವ ಹಾನಿ’ ಅಂತ ಬದಲಾಯಿತು. ಅದೇ ‘ಕು’ದಿಂದ ಮೇಲಿನಿಂದ ಕೆಳಕ್ಕೆ: ‘ಕವಿಶೈಲ ಇರುವ ಊರು (3)’.

ಅಡಕೆತೋಟ

ಕುಪ್ಪಳಿ. ಕು, ಪ್ಪ, ಳಿ. ಕೂತಿತು.